ಆಕಾಶದಿಂದ ಕಂಡ ಅವ್ವನ ಕೌದಿ

ಗೆಳೆಯರೇ, ಇವತ್ತಿನಿಂದ ನಮ್ಮ ಅವ್ವನ ಜೊತೆ ಹುಷಾರಾಗಿ ಮಾತಾಡಿ. ಅವಳು ಹಳೇ ಬಟ್ಟೆ ಜೋಡಿಸಿ ಹೊಲಿದ ಕೌದಿ ಆಕಾಶದಿಂದಲೂ ಕಾಣಿಸುತ್ತದೆ.

ಚಿಮ್ಮನಚೋಡದ ನೆಂಟರಿಗೆ ಸೇಡಂನ ನಮ್ಮ ಮನೆಯ ದಾರಿ ಕಳಿಸಲು ಬೆಳಿಗ್ಗೆ ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ತೆರೆದಿದ್ದೆ. ಬೆರಳಿಂದ ಹಿಗ್ಗಿಸಿದಾಗ ನಮ್ಮ ಮಾಳಿಗೆಯ ಮೇಲೆ ಬಣ್ಣದ ಚೌಕವೊಂದು ಕಂಡಿತು. ಪಕ್ಕದ ಮನೆಯ ಮಹಾದೇವಕ್ಕ ಇಣುಕಿ, "ಯಾವುದೋ ಪ್ಲಾಸ್ಟಿಕ್ ತಾಡಪತ್ರಿ ಅದ ಬಿಡು" ಎಂದರು.

ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ತಾಡಪತ್ರಿ ಅಂತೀರೇನ್ರಿ ಅಕ್ಕಾ? ನಡುವ ನೋಡ್ರಿ, ಇಕಿ ಅಪ್ಪನ ಹಳದಿ ರುಮಾಲು ಹಚ್ಚೀನಿ. ಸುತ್ತ ನನ್ನ ಮದುವಿ ಸೀರಿದು ಕೆಂಪಂಚು. ನಾನೇ ಹೊಲಿದು ಬಿಸಿಲಿಗೆ ಹಾಕಿದ್ದ ಕೌದಿ ನನಗ ಗುರ್ತ ಸಿಗಂಗಿಲ್ಲೇನು?"

ಮಹಾದೇವಕ್ಕ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಡುವೆ ಹಳದಿ, ಸುತ್ತ ಕೆಂಪು. "ಖರೇ ಅದ ಬಿಡು ತಂಗಿ" ಎಂದು ಒಪ್ಪಿಕೊಂಡರು.

ಸಂಜೆ ಕೆಲಸ ಮುಗಿಸಿ ಬಂದರೆ ಅವ್ವ ಮಾಳಿಗೆಯ ಮೇಲಿದ್ದಾಳೆ. ಟ್ರಂಕಿನಲ್ಲಿದ್ದ ಕೌದಿಗಳನ್ನೆಲ್ಲ ಆಕಾಶಕ್ಕೆ ಕಾಣುವಂತೆ ಹಾಸಿದ್ದಾಳೆ. "ಆ ಹಳೇ ಫೋಟೋ ತೆಗೆದು ಹೊಸಾದು ಹೊಡೀಲಿಕ್ಕ ಹೇಳು. ಭಾಳ ಛಂದ ಇದ್ದವು ಹಾಸೀನಿ."

ಮೇಲಿರುವವರು ಯಾರೇ ಆಗಿರಲಿ, ದಯವಿಟ್ಟು ಬೇಗ ಫೋಟೋ ಹೊಡೆಯಿರಿ. ಅವ್ವ ಕೆಳಗಿಳಿಯುತ್ತಿಲ್ಲ.