ಹತ್ತಿಯಕ್ಕನ ಮನೆಯ ಹಾಸಿಗೆ

ಹತ್ತಿಯಕ್ಕನನ್ನು ನಾನು ಮೊದಲು ಕಂಡ ದಿನ ಅವಳ ತಲೆಯೆಲ್ಲ ನರೆತಂತಿತ್ತು. ಹತ್ತಿರ ಬಂದಾಗ ನೋಡಿದರೆ ಹತ್ತಿಯ ಎಳೆಗಳು. ಹಾಸಿಗೆ ಮಾಡುವ ಕೆಲಸದವಳು, ಮಗಳ ಜೊತೆ ಪಕ್ಕದ ಕೋಣೆಗೆ ಬಾಡಿಗೆಗೆ ಬಂದಿದ್ದಳು. ನನ್ನ ಹೊಲಿಗೆ ಯಂತ್ರದ ಸದ್ದು ಕೇಳಿ ಗವಸು ಹೊಲಿಸಲು ಬಾಗಿಲಲ್ಲಿ ನಿಂತಿದ್ದಳು. ಎರಡು ಗವಸಿಗೆ ಪಟ್ಟೆ ಬಟ್ಟೆ. ಇನ್ನೊಂದಕ್ಕೆ ಕಡುನೀಲಿ, ಅಳತೆಯೂ ಚಿಕ್ಕದು.

“ಇದು ಯಾವ ಗಿರಾಕಿದು?” ಎಂದೆ.

“ಮನೇದೇ, ದೊಡ್ಡಮ್ಮ. ಕಲೆ ಕಾಣಬಾರದು ನೋಡಿ, ಅದಕ್ಕೆ.”

ಮರುದಿನ ಬೆಳಿಗ್ಗೆ ಆ ಮನೆಯ ಹಾಸಿಗೆ ಹಿತ್ತಲ ಗೋಡೆಯ ಮೇಲೆ ಒಣಗುತ್ತಿತ್ತು. ಎಂಟು ವರ್ಷದ ಮಗಳು ನಿದ್ದೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮನೆ ಹಾಸಿಗೆಗೇ ಕಾಲು ಬಂದಿದೆ. ದಿನಾ ಎದ್ದು ಬಿಸಿಲಿಗೆ ಹೋಗುತ್ತೆ,” ಎಂದು ಹತ್ತಿಯಕ್ಕ ನಕ್ಕಳು. ಮಗಳನ್ನು ಒಂದು ದಿನವೂ ಗದರಿದ್ದನ್ನು ನಾನು ಕೇಳಲಿಲ್ಲ.

ಬೇರೆ ಊರಿನಲ್ಲಿ ಅವಳ ಅಕ್ಕನಿಗೆ ಹಾಸಿಗೆ ಅಂಗಡಿಯಿತ್ತು. ಬಾ, ಒಟ್ಟಿಗೆ ನಡೆಸೋಣ ಎಂದು ಅಕ್ಕ ಕರೆಯುತ್ತಲೇ ಇದ್ದಳು. ಆದರೆ ಅಲ್ಲಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಬೇಕು. ನಾನು ಬರಲ್ಲ ಎಂದು ಮಗಳು ಬಾಗಿಲು ಹಿಡಿದು ಕೂತಳು. ತಾಯಿಯೂ ಆ ಮಾತು ಬಿಟ್ಟಳು.

ಮಧ್ಯಾಹ್ನ ಅವಳು ಹತ್ತಿ ಹಿಂಜುವಾಗ ಕಿಟಕಿಯ ಬೆಳಕಿನಲ್ಲಿ ಎಳೆಗಳು ತೇಲುತ್ತಿದ್ದವು, ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ. ರಾಶಿಯ ಮೇಲೆ ಒರಗಿಕೊಂಡು ಮಗಳು ನನಗೆ ತನ್ನ ಕನಸು ಹೇಳುತ್ತಿದ್ದಳು. ಯಾವಾಗಲೂ ಅದೇ ಕನಸು.

“ಒಂದು ಬೀದಿ ಇದೆ ಅಜ್ಜಿ. ನೆಲವೆಲ್ಲ ಹತ್ತಿ, ನಡೆದ್ರೆ ಸದ್ದೇ ಇಲ್ಲ. ಕೊನೇಲಿ ಹಸಿರು ಬಾಗಿಲಿನ ಬಚ್ಚಲು. ಎಷ್ಟು ಚೆನ್ನಾಗಿದೆ ಗೊತ್ತಾ! ಹೋಗಿ ಕೂತ್ಕೋತೀನಿ. ಕೂತಿದ್ದೇ ತಪ್ಪು.”

“ಬಚ್ಚಲಲ್ಲೇ ಕೂತಿದೀಯಲ್ಲೇ, ನಿಂದೇನು ತಪ್ಪು?” ಎಂದರೆ ನಗುತ್ತಿದ್ದಳು. ನಗುವಾಗ ಮೂಗಿನ ಮೇಲಿನ ಎಳೆ ಹಾರಿಹೋಗುತ್ತಿತ್ತು.

ಕೊನೆಗೆ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದರು. ಮಗು ಬೇಕಂತ ಮಾಡುವುದಲ್ಲ ಎಂದು ಹೇಳಿ ಅವರು ಮಲಗುವ ಹೊತ್ತಿಗೆ ಒಂದು ಮಾತ್ರೆ ಬರೆದುಕೊಟ್ಟರು. ನಾಲಿಗೆಯ ಕೆಳಗೆ ಇಟ್ಟರೆ ಕರಗಿಬಿಡುತ್ತದೆ, ರಾತ್ರಿ ಮೂತ್ರ ಕಡಿಮೆಯಾಗುತ್ತದೆ. ಮಲಗುವ ಒಂದು ಗಂಟೆ ಮೊದಲಿನಿಂದ ಬೆಳಗಿನವರೆಗೆ ನೀರು ಕುಡಿಯಬಾರದು.

ಅಂದಿನಿಂದ ಹಾಸಿಗೆ ಒಣಗಿಯೇ ಇರುತ್ತಿತ್ತು. ಗೋಡೆ ಖಾಲಿ. ಮಗಳು ಹಾಡಿಕೊಂಡು ಶಾಲೆಗೆ ಹೋಗುತ್ತಿದ್ದಳು.

ಆದರೆ ಹತ್ತಿಯಕ್ಕನಿಗೆ ಧೂಳಿನಿಂದ ತಲೆನೋವು ಬಂದರೆ ಮಾತ್ರೆ ಬಾಯಿಗೆ ಹಾಕಿ ಒಂದು ಚೊಂಬು ನೀರು ಕುಡಿಯುವ ರೂಢಿ. ಬರೀ ಮಾತ್ರೆ ಹೊಟ್ಟೆ ಸುಡುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಕುಡಿಯುವ ನೀರು ಬೇರೆ, ಮಾತ್ರೆಯ ನೀರು ಬೇರೆ. ಎರಡನೆಯದು ಔಷಧಿಯ ಲೆಕ್ಕಕ್ಕೆ ಸೇರಿದ್ದು ಎಂದೇ ಅವಳ ತಿಳಿವಳಿಕೆ. ಮಗಳಿಗೂ ಮಾತ್ರೆ ಕರಗಿದ ಮೇಲೆ ಚೊಂಬು ಹಿಡಿಯುತ್ತಿದ್ದಳು. ಸೆಖೆ ಹೆಚ್ಚಾದ ದಿನ ಎರಡು.

ಒಂದು ಬೆಳಿಗ್ಗೆ ಮಗಳು ತಲೆ ಎತ್ತಲಿಲ್ಲ. ವಾಂತಿ. ಯಾರು ನಾನು ಎಂದರೆ, “ಹಸಿರು ಬಾಗಿಲು,” ಎಂದಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

“ಈ ಮಾತ್ರೆ ನೀರನ್ನ ಹೊರಗೆ ಬಿಡಲ್ಲಮ್ಮ. ಮೇಲಿಂದ ಸುರಿದ್ರೆ ಒಳಗೇ ನಿಂತು ರಕ್ತದ ಉಪ್ಪು ಇಳಿಯುತ್ತೆ. ಜೀವಕ್ಕೇ ಕುತ್ತು ಬರ್ತಿತ್ತು,” ಎಂದರು ಡಾಕ್ಟರಮ್ಮ.

“ಮಾತ್ರೆಗೂ ನೀರು ಬೇಡ್ವಾ?” ಎಂದು ಹತ್ತಿಯಕ್ಕ ಕೇಳಿದಳು. ಮತ್ತೆ ಅದನ್ನೇ ಕೇಳಿದಳು.

ಮಗಳು ಹುಷಾರಾಗಿ ಮನೆಗೆ ಬಂದಳು. ತಾಯಿ ಉಳಿದ ಮಾತ್ರೆಗಳನ್ನು ಅಟ್ಟದ ಮೇಲೆ ಎಸೆದಳು. “ನೀಲಿ ಗವಸು ಇದೆಯಲ್ಲ ದೊಡ್ಡಮ್ಮ. ಮಗಳು ಇದ್ರೆ ಸಾಕು.” ಹಾಸಿಗೆ ಮತ್ತೆ ಗೋಡೆ ಹತ್ತಿತು.

ಒಂದು ಮಧ್ಯಾಹ್ನ ಹತ್ತಿಯ ರಾಶಿಯಿಂದ ಮಗಳ ದನಿ ಬಂತು, ನಿದ್ದೆಯಲ್ಲೋ ಎಚ್ಚರದಲ್ಲೋ ತಿಳಿಯಲಿಲ್ಲ. “ಅಮ್ಮಾ, ಮಾತ್ರೆ ತಗೊಳ್ತಿದ್ದಾಗ ಆ ಬಾಗಿಲಿಗೆ ಬೀಗ ಇರ್ತಿತ್ತು. ನಾನು ವಾಪಸ್ ಬಂದ್ಬಿಡ್ತಿದ್ದೆ. ಈಗ ತೆಗೆದೇ ಇರುತ್ತೆ. ನಂಗೆ ಬೀಗ ಬೇಕು.”

ಹತ್ತಿಯಕ್ಕನ ಕೈಯ ದಬ್ಬಣ ಹಾಸಿಗೆಯ ಮೂಲೆಯಲ್ಲಿ ನಿಂತಿತು.

ಮರುದಿನ ಅವಳೇ ಮಗಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. “ಏನು ಮಾಡಬಾರದು, ಅದನ್ನ ಮೊದ್ಲು ಹೇಳಿ. ಆಮೇಲೆ ಮಿಕ್ಕಿದ್ದು,” ಎಂದಳು. ಅವರು ರಕ್ತ ಪರೀಕ್ಷೆ ಮಾಡಿಸಿ, ಯೋಚಿಸಿ, ಮಾತ್ರೆಯನ್ನು ಮತ್ತೆ ಶುರು ಮಾಡಿದರು. ಸಂಜೆಯ ಊಟ ಮುಗಿದು ಸ್ವಲ್ಪ ಹೊತ್ತಿಗೆ ಮಗಳೇ ಚೊಂಬನ್ನು ಬೋರಲು ಹಾಕುತ್ತಿದ್ದಳು. ತಾಯಿ ಅತ್ತ ಕೈ ಚಾಚಿದರೆ, “ಏಯ್ ಅಮ್ಮಾ!” ಎಂದು ಗದರುತ್ತಿದ್ದಳು. ಆ ಮನೆಯಲ್ಲಿ ನಾನು ಗದರಿಕೆ ಕೇಳಿದ್ದು ಅದೊಂದೇ.

ತಿಂಗಳುಗಳು ಕಳೆದವು. ಡಾಕ್ಟರಮ್ಮ ಹೇಳಿದಂತೆ ಮಾತ್ರೆ ಬಿಟ್ಟು ನೋಡಿದರು. ಮೊದಮೊದಲು ಒಮ್ಮೊಮ್ಮೆ ಒದ್ದೆ, ಆಮೇಲೆ ಅದೂ ಇಲ್ಲ. ಬೀದಿಯೇ ಕನಸಿಗೆ ಬರುತ್ತಿಲ್ಲ ಎಂದು ಮಗಳಿಗೆ ಚೂರು ಬೇಜಾರು. ಅಕ್ಕನಿಗೆ, ಬರ್ತೀವಿ ಎಂದು ಹತ್ತಿಯಕ್ಕ ಹೇಳಿಕಳಿಸಿದಳು.

ಹೊರಡುವ ಹಿಂದಿನ ದಿನ ಮೊದಲ ದಿನದಂತೆಯೇ ಬಾಗಿಲಲ್ಲಿ ಬಂದು ನಿಂತಳು, ತಲೆಯ ತುಂಬ ಹತ್ತಿ. ಕಂಕುಳಲ್ಲಿ ಮಡಿಸಿದ ಬಟ್ಟೆ.

“ದೊಡ್ಡಮ್ಮ, ಮಗಳ ಹಾಸಿಗೆಗೆ ಇನ್ನೊಂದು ಗವಸು ಹೊಲಿದುಕೊಡ್ತೀರಾ? ಬಿಳೀದು?”