ಕ್ಲೇಟನ್ ಮನೆಯ ಉತ್ತರದ ಗೋಡೆ

ಹಿಮ ಸುರಿಯುವ ಡಲೂತ್ ಊರಿನಲ್ಲಿ ಮನೆಗಳ ಸಂದು ಮುಚ್ಚಿ ಚಳಿ ತಡೆಯುವುದಕ್ಕೆ ರಾಡ್ನಿಯನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದು ಮೊದಲು ಹೇಳಿದವನು ರಾಡ್ನಿಯೇ. ಸುಳ್ಳೇನಲ್ಲ. ನಲವತ್ತು ವರ್ಷದ ಕಸುಬು. ಒದ್ದೆ ಮುಂಗೈಯನ್ನು ಗೋಡೆಯುದ್ದಕ್ಕೂ ಆಡಿಸಿ, ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಹೇಳಿಬಿಡುತ್ತಿದ್ದ. ಬೇರೆಯವರ ಕೆಲಸ ಕಂಡರೆ ಮಾತ್ರ ಅವನ ನಾಲಿಗೆಗೆ ಲಗಾಮಿರಲಿಲ್ಲ.

ಗೆಳೆಯ ಕ್ಲೇಟನ್ ತೀರಿಕೊಂಡ ಮರುವರ್ಷ, ಅವನ ಹೆಂಡತಿ ಅರ್ಲೀನ್ ಮಲಗುವ ಕೋಣೆಯ ಉತ್ತರದ ಗೋಡೆ ರಿಪೇರಿಗೆ ರಾಡ್ನಿಯನ್ನೇ ಕರೆದಳು. ಹೊರಗಿನ ಹಲಗೆ ಕಿತ್ತರೆ, ಒಳಗಿನ ಮರದ ಕಂಬಗಳು ನೆನೆದ ಬ್ರೆಡ್ಡಿನಂತೆ ಬೆರಳಿಗೇ ಕಿತ್ತು ಬಂದವು.

“ನೋಡು, ನಮ್ಮವನ ಕೈಚಳಕ,” ಎಂದಳು ಅರ್ಲೀನ್. “ನಾನು ಅಕ್ಕನ ಮನೆಗೆ ಹೋಗಿದ್ದಾಗ ಮಾಡಿಟ್ಟಿದ್ದು. ಹನ್ನೊಂದು ಚಳಿಗಾಲ ಈ ಗೋಡೆ ನೀರು ಒರೆಸಿದೀನಿ. ಒರೆಸ್ದಾಗೆಲ್ಲ ಅವನ ಜನ್ಮ ಜಾಲಾಡಿದೀನಿ.”

ರಾಡ್ನಿ ಗೋಡೆಯೊಳಗೆ ಬಗ್ಗಿ ನೋಡಿದ. ಒಳಗಡೆ ಪ್ಲಾಸ್ಟಿಕ್ ಹಾಳೆ, ಹೊರಗಡೆ ಬೆಳ್ಳಿ ಕಾಗದ ಅಂಟಿಸಿದ ಫೋಮ್ ಹಲಗೆ, ಸಂದಿಗೆಲ್ಲ ಟೇಪು. ಎಲ್ಲ ಆವತ್ತು ರಾಡ್ನಿಯೇ ಹಟ ಹಿಡಿದು ಮಾಡಿದ್ದು. ಸುತ್ತಿಗೆ ಹಿಡಿದು ನಿಂತಿದ್ದ ಕ್ಲೇಟನ್ ಕೇಳಿಯೂ ಇದ್ದ: “ಎರಡೂ ಕಡೆ ಮುಚ್ಚಿದ್ರೆ ಒಳಗಿನ ತೇವ ಎಲ್ಲಿಗೆ ಹೋಗುತ್ತೋ?”

“ಗೋಡೆಗೇನು ಮೂಗಿದೆಯಾ, ಉಸಿರಾಡೋಕೆ?” ಎಂದು ರಾಡ್ನಿ ಅವನ ಬಾಯಿ ಮುಚ್ಚಿಸಿದ್ದ.

ಅದನ್ನೀಗ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ಸತ್ತವನ ಮೇಲೇ ಇರಲೆಂದು ಬಿಟ್ಟು ಮೂರು ದಿನ ತೆಪ್ಪಗೆ ಕೆಲಸ ಮಾಡಿದ. ಹೇಡಿ. ಈ ಸಲ ಹೊರಗಡೆ ತೇವ ದಾಟಿಹೋಗುವಂಥ ಹೊದಿಕೆ ಹಾಕಿದ.

ಕೆಲಸ ಮುಗಿದ ದಿನ ಅರ್ಲೀನ್ ಹೊಸ ಗೋಡೆಯನ್ನು ಸವರಿ ನೋಡಿದಳು. “ಆವತ್ತು ನೀನಿದ್ದಿದ್ರೆ ಹೀಗಾಗ್ತಿರ್ಲಿಲ್ಲ, ರಾಡ್ನಿ.”

ಆ ಹೊಗಳಿಕೆಯನ್ನು ಅವನಿಂದ ತಡೆಯಲಾಗಲಿಲ್ಲ. “ಇದ್ದೆ, ಅರ್ಲೀನ್. ಮಾಡಿದ್ದೇ ನಾನು. ಅವನು ಬೇಡ ಅಂದಿದ್ದ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಬೈಯುತ್ತಾಳೆಂದು ರಾಡ್ನಿ ತಲೆ ತಗ್ಗಿಸಿ ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಒಂದ್ಸಲಾನೂ ನಿನ್ನ ಹೆಸರೆತ್ತಲಿಲ್ಲ ಅವನು,” ಎಂದಳು ಮೆಲ್ಲಗೆ. “ನಾನು ಬೈಯೋವಾಗ ನೀನು ಇಲ್ಲೇ ಕೂತು ಕಾಫಿ ಕುಡೀತಿದ್ದೆ. ನಗ್ತಾನೂ ಇದ್ದೆ. ನೀನೇನೋ ಬಂದು ನನ್ನ ಹತ್ರ ಹೇಳ್ಕೊಂಡು ಹಗುರಾದೆ. ತಪ್ಪಾಯ್ತು ಅಂತ ಈಗ ನಾನು ಯಾರ ಹತ್ರ ಹೋಗಿ ಹೇಳ್ಲಿ?”