ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟು

ಹೊಸ ಹೆಲ್ಮೆಟ್ಟುಗಳ ಪೆಟ್ಟಿಗೆ ಬಿಚ್ಚಿದರೆ ಥರ್ಮೋಕೋಲು, ಪ್ಲಾಸ್ಟಿಕ್ಕು ಎರಡೂ ಸೇರಿದ ಒಂದು ವಾಸನೆ ಬರುತ್ತದೆ. ಮೂಡಬಿದಿರೆ ಹತ್ತಿರದ ಮಿಜಾರಿನಲ್ಲಿ ನಾನು ಮಕ್ಕಳಿಗೆ ಬಂಡೆ ಹತ್ತಲು ಕಲಿಸುತ್ತೇನೆ. ಕಳೆದ ವಾರ ಅಲ್ಲಿಗೆ ಹನ್ನೆರಡು ಹೆಲ್ಮೆಟ್ಟು ಬಂದವು. ಒಬ್ಬಳು ವಿದ್ಯಾರ್ಥಿನಿ ಒಂದನ್ನು ಎತ್ತಿಕೊಂಡು, ಮಡಕೆ ಕೊಳ್ಳುವವರ ಹಾಗೆ, ಬೆರಳ ಗೆಣ್ಣಿನಿಂದ ಟಕ ಟಕ ಬಡಿದು ಕಿವಿಗೊಟ್ಟಳು. ಬಡಿಯಬೇಡ ಎಂದು ನಾನು ಗದರಿದ ರೀತಿಗೆ ಪಾಪ, ಬೆಚ್ಚಿಬಿದ್ದಳು. ಬೆರಳಿನಿಂದ ಬಡಿದರೆ ಹೆಲ್ಮೆಟ್ಟಿಗೆ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತು. ನನ್ನ ಸಿಟ್ಟು ಅವಳ ಮೇಲಲ್ಲ... ಬಾವಿಮಾವನ ಮೇಲೆ. ಆ ಸಿಟ್ಟಿಗೆ ಹದಿನಾಲ್ಕು ವರ್ಷ ವಯಸ್ಸಾಗಿದೆ.

ಬಾವಿಮಾವ ಮಡಂತ್ಯಾರಿನಲ್ಲಿ ನಮ್ಮ ಪಕ್ಕದ ಮನೆಯವರು. ಸಂಬಂಧದಲ್ಲಿ ಮಾವನೇನಲ್ಲ, ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಬಾವಿ ತೋಡಿದವರಾದ್ದರಿಂದ ಕೇರಿಯ ಮಕ್ಕಳಿಗೆಲ್ಲ ಬಾವಿಮಾವ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅವರು ಬಾವಿಯ ತಳದಲ್ಲಿದ್ದರು, ಮೇಲಕ್ಕೆ ಎಳೆಯುತ್ತಿದ್ದ ಬುಟ್ಟಿ ವಾಲಿ ತೆಂಗಿನಕಾಯಿ ಗಾತ್ರದ ಕಲ್ಲೊಂದು ತಲೆಯ ಮೇಲೆ ಬಿತ್ತು. ತಲೆಗೆ ಇದ್ದದ್ದು ಅಡಿಕೆ ಹಾಳೆಯ ಟೊಪ್ಪಿ, ನಮ್ಮ ಕಡೆಯ ಮುಟ್ಟಾಳೆ, ಅಷ್ಟೇ. ಮಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳಿಡೀ ಮಲಗಿ ಎದ್ದು ಬಂದರು. ನೋಡಲಿಕ್ಕೆ ಮೊದಲಿನ ಹಾಗೇ ಗಟ್ಟಿಮುಟ್ಟು. ಆದರೆ ಪೆಟ್ಟು ಬಿದ್ದ ತಲೆ ಎಂದು ಮತ್ತೆ ಯಾರೂ ಅವರನ್ನು ಬಾವಿಗೆ ಇಳಿಸಲಿಲ್ಲ. ಎಲ್ಲಿ ಬಾವಿ ತೋಡುತ್ತಿದ್ದರೂ ಅವರು ಹೋಗಿ ದಂಡೆಯಲ್ಲಿ ಕೂತು, ಕೇಳದಿದ್ದರೂ ಬುದ್ಧಿ ಹೇಳಿ, ಕೆಲಸದವರ ತಲೆ ತಿಂದು ಬರುತ್ತಿದ್ದರು. ಮುಂದಿನ ಬೇಸಿಗೆಗೆ ತಾನೇ ಇಳಿಯುತ್ತೇನೆ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಹಾರೆ, ಪಿಕ್ಕಾಸುಗಳಿಗೆ ಎಣ್ಣೆ ಹಚ್ಚಿ ಜಗಲಿಯ ಮೂಲೆಯಲ್ಲಿ ನಿಲ್ಲಿಸಿದ್ದರು.

ನಾನು ಮೂಡಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದ ವರ್ಷ ನನಗೆ ಬಂಡೆಯ ಹುಚ್ಚು ಹಿಡಿಯಿತು. ಬೆಳ್ತಂಗಡಿ ಕಡೆಯ ದೊಡ್ಡ ಬಂಡೆಬೆಟ್ಟ ಗಡಾಯಿಕಲ್ಲಿನ ಬುಡದಲ್ಲಿ ಒಂದು ದಿನದ ಶಿಬಿರ ಇತ್ತು. ಹೊರಗಿನಿಂದ ಬರುವ ತರಬೇತುದಾರರು ಎಲ್ಲರನ್ನೂ ಹತ್ತಿಸಿ ನೋಡಿ, ಇಬ್ಬರನ್ನು ಹಿಮಾಲಯದ ತರಬೇತಿಗೆ ಆರಿಸುವುದೆಂದು ನಿಶ್ಚಯವಾಗಿತ್ತು. ಆ ಇಬ್ಬರಲ್ಲಿ ಒಬ್ಬಳು ನಾನೇ ಎಂದು ನನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿಬಿಟ್ಟಿತ್ತು. ಹೆಲ್ಮೆಟ್ಟು ಮಾತ್ರ ಅವರವರೇ ತರಬೇಕು.

ರಜೆಗೆ ಮನೆಗೆ ಬಂದು ಹೆಲ್ಮೆಟ್ಟು ಹುಡುಕಲು ಹೊರಟಾಗ ಬಾವಿಮಾವನೂ ಹೊರಟರು. ಬೇಡ ಎಂದರೆ ಕೇಳುವ ಜನವೇ? ಮೊದಲು ಮೂಡಬಿದಿರೆಯ ಒಂದು ಅಂಗಡಿ. ಅಲ್ಲಿದ್ದವೆಲ್ಲ ಸ್ಕೂಟರಿನವು. ಒಂದೊಂದನ್ನೂ ಎತ್ತಿ, ಬಡಿದು, ಕಿವಿಗೆ ಹಿಡಿದು ನೋಡಿದರು. ಅಂಗಡಿಯವರು ಇದೇನು ಕಲ್ಲಂಗಡಿಯಾ ಎಂದು ಕೇಳಿದ್ದಕ್ಕೆ ಇವರಿಗೆ ನಾಚಿಕೆಯೇ ಇಲ್ಲ. ಕಿವಿ ಮುಚ್ಚುವಂಥದ್ದು ಬೇಡ, ಮೇಲಿನವ ಕಲ್ಲು ಬಂತು ಎಂದು ಕೂಗಿದರೆ ಕೇಳುವುದಿಲ್ಲ ಎಂದು ತೀರ್ಪು ಕೊಟ್ಟರು. ಆಮೇಲೆ ಬಂಟ್ವಾಳ ಪೇಟೆ, ಕಟ್ಟಡ ಕೆಲಸದವರ ಹಳದಿ ಟೊಪ್ಪಿ. ಅದನ್ನು ನನ್ನ ತಲೆಗಿಟ್ಟು, ಅಂಗಡಿಯ ನಡುವೆ ಎಲ್ಲರೆದುರು ಬಗ್ಗು ಎಂದರು. ಬಗ್ಗಿದೆ. ಅದು ಉರುಳಿ ಮೊಳೆಯ ಡಬ್ಬಕ್ಕೆ ಬಿತ್ತು. ಇದೂ ಬೇಡ. ಒಂದರಲ್ಲಿ ಬೆವರು ಹೋಗಲಿಕ್ಕೆ ತೂತಿಲ್ಲ. ಇನ್ನೊಂದು ಜಡೆ ಸುತ್ತಿ ಕಟ್ಟಿದರೆ ಹಣೆಯಿಂದ ಹಿಂದೆ ಸರಿಯುತ್ತದೆ. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ಅವರು ಹೇಳಿದ್ದೆಲ್ಲ ಸರಿಯಾಗಿತ್ತಲ್ಲ, ಅದಕ್ಕೆ. ಇವತ್ತು ನಾನು ಮಕ್ಕಳಿಗೆ ಹೆಲ್ಮೆಟ್ಟು ಆರಿಸುವುದನ್ನು ಹೇಳಿಕೊಡುವಾಗ ಹೇಳುವುದೂ ಇವನ್ನೇ.

ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ಕೇಸರಿ ಬಣ್ಣದ್ದು, ಬಂಡೆ ಹತ್ತುವವರದ್ದೇ. ಶಿಬಿರದ ಹಿಂದಿನ ದಿನ ಶನಿವಾರ ಬಂತು. ತಲೆಗಿಟ್ಟು, ಪಟ್ಟಿ ಹಾಕದೆ ತಲೆ ಅಲ್ಲಾಡಿಸಿದೆ, ಕದಲಲಿಲ್ಲ. ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತೆನೋ... ಅದನ್ನು ಜಗಲಿಯಲ್ಲಿಟ್ಟು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು.

ಅಂಗಳದಲ್ಲಿ ಧಡ್ ಎಂದು ಸದ್ದಾಯಿತು. ಒದ್ದೆ ಕೂದಲಲ್ಲೇ ಓಡಿ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನ ಹೆಲ್ಮೆಟ್ಟು, ಅದರೊಳಗೆ ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ, ಪಕ್ಕದಲ್ಲಿ ಒಂದು ಕರಿಗಲ್ಲು. ಮೇಲಿನಿಂದ ಆ ಕಲ್ಲು ಬಿಟ್ಟ ಬಾವಿಮಾವ ನಮ್ಮ ತಾರಸಿಯಿಂದ ಏದುಸಿರು ಬಿಡುತ್ತಾ ಇಳಿದು ಬರುತ್ತಿದ್ದರು. ಮಡಕೆಯಾದರೆ ಬೆರಳಲ್ಲಿ ಬಡಿದರೆ ಸಾಕು. ತಲೆಯ ವಿಷಯ, ಸರಿಯಾಗಿ ಪರೀಕ್ಷೆ ಮಾಡಬೇಡವೇ ಎಂಬುದು ಅವರ ವಾದ. ಅಮ್ಮ ಬಾಗಿಲಲ್ಲಿ ನಿಂತು ಮೆಚ್ಚಿ ನೋಡುತ್ತಿದ್ದಳು. ನಮ್ಮ ಮಾತೆಲ್ಲ ತುಳುವಿನಲ್ಲಿಯೇ. ಬಾವಿಮಾವ ದೊಡ್ಡ ವಿಷಯಕ್ಕೆ ಮಾತ್ರ ಶಾಲೆಯ ಕನ್ನಡ ಹೊರಗೆ ತೆಗೆಯುತ್ತಿದ್ದರು. ಆವತ್ತು ತೆಗೆದರು.

"ನೋಡು ಮಗಾ, ಕಾಯಿಗೆ ಏನೂ ಆಗ್ಲಿಲ್ಲ. ಇದು ಒಳ್ಳೆ ಮಾಲು. ಧೈರ್ಯದಲ್ಲಿ ಹೋಗು."

ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಅದುವರೆಗೆ ಕಂಡಿರಲಿಲ್ಲ. ಹೆಲ್ಮೆಟ್ಟಿನ ನೆತ್ತಿಯಲ್ಲಿ ಉಗುರಿನಷ್ಟು ಬಣ್ಣ ಹೋಗಿತ್ತು, ಬೇರೇನೂ ಕಾಣುತ್ತಿರಲಿಲ್ಲ. ಆದರೆ ಪೆಟ್ಟಿಗೆಯೊಳಗಿನ ಚೀಟಿಯ ಮೊದಲ ಸಾಲಿನಲ್ಲೇ ಇತ್ತು, ಜೋರು ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು ಎಂದು. ಅದು ಪೆಟ್ಟನ್ನು ತಾನು ನುಂಗಿ ತಲೆಯನ್ನು ಉಳಿಸುತ್ತದೆ, ಒಂದೇ ಸಲ. ಆ ಒಂದು ಸಲವನ್ನು ಈ ಮನುಷ್ಯ ತೆಂಗಿನಕಾಯಿಗೆ ಖರ್ಚು ಮಾಡಿಬಿಟ್ಟಿದ್ದರು.

ಅವರು ಕನ್ನಡದಲ್ಲಿ ಹೇಳಿದ್ದಕ್ಕೆ ನಾನೂ ಕನ್ನಡದಲ್ಲೇ ಹೇಳಿದೆ.

"ಎಂತ ಪರೀಕ್ಷೆ ಮಾವ ನಿಮ್ಮದು? ಒಮ್ಮೆ ಪೆಟ್ಟು ತಿಂದ್ರೆ ಮುಗೀತು. ಹೊರಗೆ ಸರಿ ಕಂಡ್ರೂ ಒಳಗೆ ಹೋಗಿರ್ತದೆ. ಮತ್ತೆ ಅದು ಯಾವ ಕೆಲಸಕ್ಕೂ ಬರುದಿಲ್ಲ, ಬಿಸಾಡುದೇ."

ಅವರ ಕೈ ಮೆಲ್ಲಗೆ ಮುಟ್ಟಾಳೆಯ ಅಡಿಗೆ ಹೋಗಿ ತಲೆ ಸವರಿಕೊಂಡಿತು. ಕಾಯಿಯನ್ನು ಎತ್ತಿ ಅಮ್ಮನ ಕೈಗೆ ಕೊಟ್ಟು ಹೊರಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಗೊಣಗಿದಳು. ಮುತ್ತು ಒಡೆದವರು ಅವರಲ್ಲವೇ, ನನಗೆ ಯಾಕೆ ಹೇಳುತ್ತಾಳೆ ಎಂದು ಅವಳ ಮೇಲೂ ಉರಿದುಬಿದ್ದೆ.

ಮರುದಿನ ಗಡಾಯಿಕಲ್ಲಿನ ಬುಡದಲ್ಲಿ ತರಬೇತುದಾರರು ಒಂದೊಂದೇ ಹೆಲ್ಮೆಟ್ಟು ಕೈಗೆತ್ತಿಕೊಂಡು, ಇದಕ್ಕೆ ಪೆಟ್ಟು ಬಿದ್ದದ್ದುಂಟಾ ಎಂದು ಕೇಳುತ್ತಾ ಬಂದರು. ಬಸ್ಸಿನಲ್ಲಿ ಪೂರ್ತಿ ಸುಳ್ಳು ಹೇಳುವ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಅವರು ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ನಿಜವೇ. ಹತ್ತಲು ಬಿಡಲಿಲ್ಲ, ಇಡೀ ದಿನ ಎಲ್ಲರ ಚೀಲ ಕಾಯುತ್ತಾ, ನೀರಿನ ಬಾಟಲಿ ದಾಟಿಸುತ್ತಾ ಕೂತೆ. ಆರಿಸಿದ ಇಬ್ಬರಲ್ಲಿ ಒಬ್ಬಳು ನನಗಿಂತ ಕೆಟ್ಟದಾಗಿ ಹತ್ತುತ್ತಿದ್ದಳು. ಇದನ್ನು ಈಗಲೂ ಹೇಳುತ್ತೇನೆ.

ಆಮೇಲೆ ನಾನು ಬಾವಿಮಾವನೊಡನೆ ಮಾತು ಬಿಟ್ಟೆ. ಅವರು ಒಂದೇ ಒಂದು ಸಲ ಬಂದರು. ನಾನು ಜಗಲಿಯಲ್ಲಿ ಮೊಬೈಲು ನೋಡುತ್ತಾ ಕೂತಿದ್ದೆ. ಮೆಟ್ಟಿಲ ಕೆಳಗೇ ನಿಂತು, ಮತ್ತೆ ಅದೇ ಶಾಲೆಯ ಕನ್ನಡದಲ್ಲಿ ಕೇಳಿದರು.

"ಹೊರಗೆ ಏನೂ ಕಾಣದಿದ್ರೂ ಬಿಸಾಡುದೇ ಅಂತ ಪುಸ್ತಕದಲ್ಲಿ ಉಂಟಾ ಮಗಾ?"

ಹೆಲ್ಮೆಟ್ಟಿನ ಮಾತು ಇನ್ನೂ ಮುಗಿಯಲಿಲ್ಲವಲ್ಲ ಎಂದು ನನಗೆ ರೇಗಿತು. ತಲೆ ಎತ್ತದೆ ಹೌದು ಎಂದೆ. ಎಷ್ಟು ಹೊತ್ತು ನಿಂತಿದ್ದರೋ ನೋಡಲಿಲ್ಲ...

ಎರಡು ವರ್ಷದ ಮೇಲೆ ನನಗೆ ಆ ತರಬೇತಿಯೂ ಸಿಕ್ಕಿತು. ನಾನು ಅಲ್ಲಿದ್ದಾಗಲೇ ಬಾವಿಮಾವ ಜ್ವರ ಬಂದು ತೀರಿಕೊಂಡರು. ತಲೆಗೂ ಜ್ವರಕ್ಕೂ ಸಂಬಂಧ ಇಲ್ಲವೆಂದು ಡಾಕ್ಟರು ಹೇಳಿದರಂತೆ. ನಾನು ಊರಿಗೆ ಬಂದು ಮಾತನಾಡಿಸಲು ಹೋದಾಗ ಅವರ ಹೆಂಡತಿ, ನಮ್ಮ ಅತ್ತೆ, ಚಹಾ ಕೊಟ್ಟರು. ಜಗಲಿಯ ಮೂಲೆ ಖಾಲಿ ಇತ್ತು. ಹಾರೆ, ಪಿಕ್ಕಾಸು ಎಲ್ಲಿ ಎಂದು ಸುಮ್ಮನೆ ಮಾತಿಗೆ ಕೇಳಿದೆ. ನಾನು ಶಿಬಿರಕ್ಕೆ ಹೋಗಿ ಬಂದ ತಿಂಗಳಲ್ಲೇ ಅವನ್ನೆಲ್ಲ ಬೇರೆ ಬಾವಿಯವರಿಗೆ ಕೊಟ್ಟುಬಿಟ್ಟರಂತೆ. ಅಲ್ಲಿಂದ ಮತ್ತೆ ಯಾವ ಬಾವಿಯ ದಂಡೆಗೂ ಹೋಗಲಿಲ್ಲವಂತೆ.

"ಪೆಟ್ಟು ಬಿದ್ದ ತಲೆ, ಬಾವಿ ಬೇಡ ಅಂತ ಊರಿನವರು ಎಷ್ಟು ಹೇಳಿದ್ರೂ ಕೇಳದವರು, ಮಾರಾಯ್ತಿ," ಎಂದರು ಅತ್ತೆ. "ನೀನು ಓದಿದವಳು, ಪುಸ್ತಕದಲ್ಲೇ ಹಾಗೆ ಉಂಟು ಅಂತ ಹೇಳಿದಿಯಂತೆ. ಅದನ್ನು ಕೇಳಿದ್ರು."

ಅವರ ಮಾತಿನಲ್ಲಿ ಕೋಪ ಇರಲಿಲ್ಲ. ಗಂಡ ಬಾವಿಗಿಳಿಯುವ ಹಟ ಬಿಟ್ಟದ್ದಕ್ಕೆ ಅವರು ನನ್ನ ಉಪಕಾರ ನೆನೆಯುತ್ತಿದ್ದರು. ಚಹಾದ ಲೋಟ ಕೆಳಗಿಟ್ಟೆ. ನಾನು ಹೆಲ್ಮೆಟ್ಟಿಗೆ ಹೇಳಿದ್ದಲ್ಲವೇ, ನಿಮಗಲ್ಲವಲ್ಲ ಮಾವ... ಅಷ್ಟು ಸಣ್ಣ ಮಾತು ಬಾಯಿಬಿಟ್ಟು ಕೇಳಬಾರದಿತ್ತೇ? ಇಲ್ಲ, ಕೇಳಿದ್ದರು. ಮೆಟ್ಟಿಲ ಕೆಳಗೆ ನಿಂತು ಕೇಳಿದ್ದರು. ಇವತ್ತಿಗೂ ನನಗೆ ಯಾರ ಮೇಲೆ ರೇಗಬೇಕೆಂದು ತಿಳಿಯುವುದಿಲ್ಲ.

ಕಳೆದ ವಾರ ಹೊಸ ಹೆಲ್ಮೆಟ್ಟುಗಳನ್ನು ಹಂಚಿದ ಮೇಲೆ ನಿಯಮ ಹೇಳಲೇಬೇಕಾಯಿತು. ಪ್ರತಿ ವರ್ಷದ ಹಾಗೆ ಈ ವರ್ಷವೂ ಆ ಜಾಗದಲ್ಲಿ ತಡವರಿಸಿದೆ. ಪೆಟ್ಟು ಬಿದ್ದದ್ದನ್ನು ಬದಲಿಸಬೇಕು ಎಂದಷ್ಟೇ ಹೇಳಿ ಮುಗಿಸಿದೆ. ಬಡಿದು ನೋಡಿದ್ದಳಲ್ಲ, ಆ ಹುಡುಗಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಹಳೆಯ ಕೇಸರಿ ಹೆಲ್ಮೆಟ್ಟಿನ ಕಡೆ ಕೈತೋರಿಸಿ, ನೆತ್ತಿಯಲ್ಲಿ ಬಣ್ಣ ಹೋಗಿದೆಯಲ್ಲ, ಅದಕ್ಕೂ ಪೆಟ್ಟು ಬಿದ್ದದ್ದೇ ಅಲ್ಲವೇ, ಮತ್ತೆ ಯಾಕೆ ಬಿಸಾಡಿಲ್ಲ ಮೇಡಂ ಎಂದಳು. ಸುಮ್ಮನೆ ಕೆಲಸ ನೋಡು ಎಂದು ಮತ್ತೆ ಗದರಿದೆ.

ಅವರೆಲ್ಲ ಹೋದ ಮೇಲೆ ಅದನ್ನು ಕೆಳಗಿಳಿಸಿ ಧೂಳು ಒರೆಸಿದೆ. ಪೆಟ್ಟು ಬಿದ್ದದ್ದೆಲ್ಲ ಬಿಸಾಡುವಂಥದ್ದಲ್ಲ ಎಂದು ಈ ಪ್ರಶ್ನೆಗೆ ನನ್ನಲ್ಲಿ ಈಗ ಉತ್ತರ ಉಂಟು. ಕೇಳಬೇಕಾದವರು ಹದಿನಾಲ್ಕು ವರ್ಷದ ಹಿಂದೆಯೇ ಕೇಳಿ, ನನ್ನ ಹೌದನ್ನು ತೆಗೆದುಕೊಂಡು ಹೋಗಿಯಾಗಿದೆ.